ಅಪರಿಚಿತರ ಬುಟ್ಟಿಗೆ ನಮ್ಮ ಕಾರ್ಡು

ಇಂಗ್ಲೆಂಡಿನ ದೊಡ್ಡ ದಿನಸಿ ಅಂಗಡಿಗಳಲ್ಲಿ ಈಗ ಒಂದೇ ಪದಾರ್ಥಕ್ಕೆ ಎರಡು ಬೆಲೆಗಳುಂಟು. ಟೆಸ್ಕೊ ಅಂಗಡಿಯ ಯಾವ ಸಾಲಿನಲ್ಲಿ ನಿಂತು ನೋಡಿದರೂ, ಕಾಫಿ, ಅಡುಗೆ ಎಣ್ಣೆ, ಬಟ್ಟೆ ಒಗೆಯುವ ಪುಡಿ ಮುಂತಾದವುಗಳ ಕೆಳಗೆ ಸಿಕ್ಕಿಸಿರುವ ಚೀಟಿಗಳಲ್ಲಿ, ಕ್ಲಬ್‌ಕಾರ್ಡ್ ಉಳ್ಳವರು ತೆರಬೇಕಾದ ಬೆಲೆ ಹಳದಿಯ ಮೇಲೆ ದಪ್ಪ ಅಂಕಿಗಳಲ್ಲಿಯೂ, ಇಲ್ಲದವರು ತೆರಬೇಕಾದ ಬೆಲೆ ಅದರ ಪಕ್ಕದಲ್ಲಿ ಸಣ್ಣ ಅಂಕಿಗಳಲ್ಲಿಯೂ ಮುದ್ರಿತವಾಗಿರುತ್ತವೆ. ಸೈನ್ಸ್‌ಬರೀಸ್ ಅಂಗಡಿಯವರೂ 2023ರಿಂದ ನೆಕ್ಟರ್ ಕಾರ್ಡಿನ ಹೆಸರಿನಲ್ಲಿ ಇದೇ ಏರ್ಪಾಡನ್ನು ಅನುಸರಿಸುತ್ತಿದ್ದಾರೆ. ಕಾರ್ಡಿಗೆ ದುಡ್ಡು ಕೊಡಬೇಕಾಗಿಲ್ಲ. ತನ್ನ ಹೆಸರು ವಿಳಾಸಗಳನ್ನು ಬರೆದುಕೊಟ್ಟರೆ ಸಾಕು. ಆದರೂ ಕಾರ್ಡಿಲ್ಲದೆ ಬಿಲ್ಲಿಗೆ ಬಂದು ನಿಲ್ಲುವವರು ದಿನವೂ ಇದ್ದೇ ಇರುತ್ತಾರೆ. ಅಂಥವರ ಹಿಂದೆ ಸರದಿಯಲ್ಲಿ ನಿಂತು, ತನ್ನ ಜೇಬಿನಲ್ಲಿ ಕಾರ್ಡು ಇರುವುದನ್ನು ಬಲ್ಲವನು ಏನು ಮಾಡುವುದು ಉಚಿತ?

ಈ ದೇಶದಲ್ಲಿ ಸಂಸಾರ ಹೂಡಿ, ವಾರದ ಸಾಮಾನನ್ನು ಇಂಥ ಅಂಗಡಿಗಳಿಂದಲೇ ತರುತ್ತ ಬಂದಿರುವ ನಾನು ಈ ಪ್ರಶ್ನೆಯನ್ನು ಬಹುಕಾಲದಿಂದ ಮನಸ್ಸಿನಲ್ಲಿ ತೂಗಿ ನೋಡಿದ್ದೇನೆ. ಮಕ್ಕಳನ್ನು ಓದಿಗೋ ಉದ್ಯೋಗಕ್ಕೋ ಇಲ್ಲಿಗೆ ಕಳುಹಿಸಿರುವ ಕನ್ನಡದ ಮನೆಗಳು ಈಗ ಬಹಳವಾಗಿರುವುದರಿಂದ, ಈ ವಿಚಾರವನ್ನು ಹಣಕಾಸಿನ ಅಂಕಣದಲ್ಲಿ ಎತ್ತಿಕೊಳ್ಳುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಾರ್ಡಿನಿಂದ ದೊರೆಯುವ ಕಡಿಮೆ ಬೆಲೆಯನ್ನು ಅಪರಿಚಿತರಿಗೆ ದೊರಕಿಸಿಕೊಡುವುದು ಸತ್ಕಾರ್ಯ, ಅದೇ ಕಾರ್ಡಿನಿಂದ ದೊರೆಯುವ ಪಾಯಿಂಟುಗಳನ್ನು ಅವರಿಗೆ ತಿಳಿಸದೆ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಅನುಚಿತ. ಒಂದೇ ಕ್ಷಣದಲ್ಲಿ, ಒಂದೇ ಸದ್ದಿನಲ್ಲಿ ನಡೆದುಹೋಗುವ ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಎಣಿಸದಿರುವುದರಿಂದಲೇ ಬಹುಮಂದಿ ಕೊಡಬೇಕಾದಲ್ಲಿ ಸಂಕೋಚಪಡುತ್ತಾರೆ, ಹೇಳಬೇಕಾದಲ್ಲಿ ಸುಮ್ಮನಿರುತ್ತಾರೆ.

ಲೆಕ್ಕವನ್ನೇ ನೋಡೋಣ. ಟೆಸ್ಕೊದಲ್ಲಿ ಒಂದು ಪೌಂಡಿನ ಖರೀದಿಗೆ ಒಂದು ಪಾಯಿಂಟು. 150 ಪಾಯಿಂಟುಗಳಾದರೆ ಒಂದೂವರೆ ಪೌಂಡಿನ ವೋಚರು. ಎಂದರೆ, ಮುಂದಿನವರು 30 ಪೌಂಡಿನ ಸಾಮಾನು ಕೊಂಡಾಗ ನಾನು ಕಾರ್ಡು ತೋರಿಸಿದರೆ ನನಗೆ ಬರುವುದು 30 ಪೆನ್ಸು ಮಾತ್ರ. ಆದರೆ ಅವರ ಬುಟ್ಟಿಯಲ್ಲಿ ಹಳದಿ ಚೀಟಿಯ ಮೂರು ನಾಲ್ಕು ಪದಾರ್ಥಗಳಿದ್ದರೂ ಅವರಿಗೆ ಉಳಿಯುವುದು ನಾಲ್ಕೈದು ಪೌಂಡು. ಕೊಡುವವನಿಗೆ ಬರುವುದು ಅತ್ಯಲ್ಪ, ಪಡೆಯುವವರಿಗೆ ಉಳಿಯುವುದು ಒಂದು ಹೊತ್ತಿನ ಊಟದಷ್ಟು. ಹೀಗಿರುವಾಗ ಕೈಯನ್ನು ಜೇಬಿನಿಂದ ಹೊರಗೆ ತೆಗೆಯದಿರುವುದಕ್ಕೆ ಹಣದ ದೃಷ್ಟಿಯಿಂದ ಯಾವ ಕಾರಣವೂ ಇಲ್ಲ.

ಸೆಪ್ಟೆಂಬರ್ ತಿಂಗಳು ಬಂತೆಂದರೆ, ವಿಶ್ವವಿದ್ಯಾನಿಲಯವಿರುವ ನಮ್ಮ ಊರಿನ ಅಂಗಡಿಯಲ್ಲಿ ಹೊಸದಾಗಿ ಬಂದ ವಿದ್ಯಾರ್ಥಿಗಳು ಹೊದಿಕೆ, ದಿಂಬು, ಬಾಣಲೆ, ಅಕ್ಕಿಯ ಚೀಲಗಳನ್ನು ಹೇರಿಕೊಂಡು ಸರದಿಯಲ್ಲಿ ನಿಂತಿರುತ್ತಾರೆ. ಅಂಥ ಒಂದು ಸಂಜೆ ನನ್ನ ಮುಂದಿದ್ದ ಹುಡುಗಿ ದೂರವಾಣಿಯಲ್ಲಿ "ಅಮ್ಮಾ, ಬಿಲ್ ಹಾಕಿಸ್ತಾ ಇದೀನಿ, ರೂಮಿಗೆ ಹೋಗಿ ಮಾಡ್ತೀನಿ" ಎಂದು ಹೇಳಿ ಮುಗಿಸುತ್ತಿದ್ದಂತೆಯೇ, ಕ್ಯಾಷಿಯರ್ ಹೆಂಗಸು ಕ್ಲಬ್‌ಕಾರ್ಡ್ ಇದೆಯೇ ಎಂದು ಕೇಳಿದಳು. ಹುಡುಗಿ ಇಲ್ಲವೆಂದು ತಲೆಯಾಡಿಸಿ, ತನ್ನ ಊರಿನ ಬ್ಯಾಂಕಿನ ಕಾರ್ಡನ್ನು ತೆಗೆದಳು. ನಾನು ಎರಡು ಹೆಜ್ಜೆ ಹಿಂದೆಯೇ ನಿಂತು ಕೇಳಿದೆ: "ನನ್ನ ಕಾರ್ಡು ತೋರಿಸಲೇನಮ್ಮಾ? ಹಳದಿ ಚೀಟಿ ಬೆಲೆ ನಿಮಗೆ ಸಿಗುತ್ತೆ. ಪಾಯಿಂಟು ಮಾತ್ರ ನನ್ನ ಲೆಕ್ಕಕ್ಕೆ ಬರುತ್ತೆ, ಪರವಾಗಿಲ್ಲವಾ?"

ಆಕೆ ಕನ್ನಡವನ್ನು ಕೇಳಿದ ಆಶ್ಚರ್ಯದಿಂದ ತಿರುಗಿ, "ಅಯ್ಯೋ, ಪಾಯಿಂಟ್ ಎಲ್ಲಾ ನೀವೇ ಇಟ್ಕೊಳ್ಳಿ ಅಂಕಲ್. ಆದ್ರೆ ಇದರಿಂದ ನಿಮಗೇನೂ ತೊಂದರೆ ಆಗಲ್ವಾ?" ಎಂದಳು.

ಬಾರ್‌ಕೋಡನ್ನು ತೋರಿಸಿದೊಡನೆ ಯಂತ್ರದ ಪರದೆಯ ಮೇಲೆ ಕಡಿತದ ಸಾಲುಗಳು ಒಂದರ ಕೆಳಗೊಂದು ಮೂಡಿಬಂದವು: ಹೊದಿಕೆಗೆ ಇಷ್ಟು, ಬಾಣಲೆಗೆ ಇಷ್ಟು, ಎಣ್ಣೆಗೆ ಇಷ್ಟು. ಎಲ್ಲ ಕೂಡಿ ಹದಿಮೂರು ಪೌಂಡು ಚಿಲ್ಲರೆ ಇಳಿಯಿತು. ರೂಪಾಯಿಯನ್ನು ಪೌಂಡಿಗೆ ಬದಲಾಯಿಸಿ ಬದುಕಬೇಕಾದ ಮೊದಲ ತಿಂಗಳಿನಲ್ಲಿ ಅದು ಸಣ್ಣ ಮೊತ್ತವಲ್ಲ. ಮರುದಿನವೇ ತಾನೊಂದು ಕಾರ್ಡು ಮಾಡಿಸಿಕೊಳ್ಳುವಂತೆ ಆಕೆಗೆ ಹೇಳಿದೆ. ಒಂದು ಸಾರಿ ಕಾರ್ಡು ತೋರಿಸುವುದಕ್ಕಿಂತ ಹೆಚ್ಚಿನ ಉಪಕಾರ ಅದೇ ಎಂದು ನನಗೆ ಅನ್ನಿಸುತ್ತದೆ.

ಆದರೆ ಆ ಹುಡುಗಿ ಕೇಳಿದ ಪ್ರಶ್ನೆ, ಕೊಡುವವನಿಗೆ ಇದರಿಂದ ತೊಂದರೆಯೇನೆಂಬುದು, ತಕ್ಕ ಉತ್ತರವನ್ನು ಬೇಡುತ್ತದೆ. ಅದಕ್ಕೆ ಈ ಕಾರ್ಡುಗಳ ಪೂರ್ವವೃತ್ತಾಂತವನ್ನು ಸ್ವಲ್ಪ ತಿಳಿಯಬೇಕು. 1958ರಲ್ಲಿ ರಿಚರ್ಡ್ ಟಾಂಪ್ಕಿನ್ಸ್ ಎಂಬವರು ಈ ದೇಶದಲ್ಲಿ ಗ್ರೀನ್ ಶೀಲ್ಡ್ ಸ್ಟಾಂಪುಗಳನ್ನು ಆರಂಭಿಸಿದರು. ಅಂಗಡಿಯಲ್ಲಿ ಖರ್ಚುಮಾಡಿದ ಹಣಕ್ಕೆ ತಕ್ಕಂತೆ ಕೊಡುತ್ತಿದ್ದ ಹಸಿರು ಸ್ಟಾಂಪುಗಳನ್ನು ಪುಸ್ತಕದಲ್ಲಿ ಅಂಟಿಸಿ, ಪುಸ್ತಕಗಳು ತುಂಬಿದ ಮೇಲೆ ಅವುಗಳನ್ನು ಒಪ್ಪಿಸಿ ಪಾತ್ರೆಯನ್ನೋ ಗಡಿಯಾರವನ್ನೋ ಪಡೆಯುತ್ತಿದ್ದರು. 1963ರಲ್ಲಿ ಟೆಸ್ಕೊ ಈ ಸ್ಟಾಂಪುಗಳನ್ನು ಕೈಗೊಂಡು, 1977ರಲ್ಲಿ ಅವುಗಳನ್ನು ಕೈಬಿಟ್ಟು ಬೆಲೆಗಳನ್ನು ಇಳಿಸಿತು. ಆ ನಿರ್ಧಾರದ ಮುಂಚೂಣಿಯಲ್ಲಿದ್ದ ಇಯನ್ ಮೆಕ್‌ಲಾರಿನ್ ಅವರೇ ಅಧ್ಯಕ್ಷರಾಗಿದ್ದಾಗ, 1995ರ ಫೆಬ್ರವರಿಯಲ್ಲಿ, ಕ್ಲಬ್‌ಕಾರ್ಡ್ ದೇಶವ್ಯಾಪಿಯಾಗಿ ಬಂದಿತು. ಎಡ್ವಿನಾ ಡನ್, ಕ್ಲೈವ್ ಹಂಬಿ ದಂಪತಿಗಳು ಪ್ರಾಯೋಗಿಕ ಹಂತದ ಕಾರ್ಡುಗಳಿಂದ ದೊರೆತ ಮಾಹಿತಿಯನ್ನು ವಿಶ್ಲೇಷಿಸಿ ಆಡಳಿತ ಮಂಡಲಿಯ ಮುಂದಿಟ್ಟಾಗ, ತಾನು ಮೂವತ್ತು ವರ್ಷಗಳಲ್ಲಿ ತಿಳಿದುದಕ್ಕಿಂತ ಹೆಚ್ಚಾಗಿ ತನ್ನ ಗಿರಾಕಿಗಳನ್ನು ಇವರು ಮೂರೇ ತಿಂಗಳಲ್ಲಿ ತಿಳಿದುಬಿಟ್ಟರಲ್ಲಾ ಎಂದು ಮೆಕ್‌ಲಾರಿನ್ ಬೆರಗಾದುದು ವ್ಯಾಪಾರ ಲೋಕದಲ್ಲಿ ಪ್ರಸಿದ್ಧವಾದ ಸಂಗತಿ.

ಸ್ಟಾಂಪಿಗೂ ಕಾರ್ಡಿಗೂ ಇರುವ ಭೇದವು ಇಲ್ಲಿದೆ. ಸ್ಟಾಂಪಿನ ಮೇಲೆ ಯಾರ ಹೆಸರೂ ಇರಲಿಲ್ಲ. ಬೇಡವಾದವನು ಅದನ್ನು ಹಿಂದಿನವರ ಕೈಗೆ ಕೊಟ್ಟರೆ ಆ ದಾನ ಅಲ್ಲಿಗೆ ಮುಗಿಯುತ್ತಿತ್ತು. ಕಾರ್ಡಾದರೋ ಹೆಸರಿರತಕ್ಕದ್ದು, ನೆನಪಿರತಕ್ಕದ್ದು. ಆ ಹುಡುಗಿಯ ಹೊದಿಕೆ ಬಾಣಲೆಗಳು ನನ್ನ ಖರೀದಿಗಳಾಗಿ ದಾಖಲಾದವು. ಮಗುವಿನ ಡಯಾಪರುಗಳನ್ನು ಕೊಳ್ಳುತ್ತಿದ್ದ ತಾಯಿಯೊಬ್ಬರಿಗೆ ಕಾರ್ಡು ತೋರಿಸಿದ ಮೇಲೆ, ಮಕ್ಕಳೆಲ್ಲ ದೊಡ್ಡವರಾಗಿರುವ ನಮ್ಮ ಮನೆಗೆ ಡಯಾಪರಿನ ಕೂಪನ್ನುಗಳು ಬಂದುವು. ಇದನ್ನು ನಾನು ತೊಂದರೆಯೆಂದು ಎಣಿಸುವುದಿಲ್ಲ. ಅಂಗಡಿಯವನು ನನ್ನನ್ನು ತಪ್ಪಾಗಿ ತಿಳಿದುಕೊಂಡರೆ ನನಗೇನೂ ನಷ್ಟವಿಲ್ಲ.

ನಿಜವಾದ ತೊಡಕು ಪಡೆಯುವವರ ಪಾಲಿಗೆ ಉಂಟು, ಅದನ್ನು ಬಹಳ ಮಂದಿ ಗಮನಿಸಿಲ್ಲ. ಈಗ ಕಾರ್ಡು ದೂರವಾಣಿಯ ಆ್ಯಪ್‌ನೊಳಗೆ ಸೇರಿರುವುದರಿಂದ, ಅದರಲ್ಲಿ ಹಿಂದಿನ ಖರೀದಿಗಳ ರಸೀತಿಗಳನ್ನು ತೆರೆದು ನೋಡಬಹುದು. ಮತ್ತೊಬ್ಬರ ಬುಟ್ಟಿಗೆ ನನ್ನ ಕಾರ್ಡನ್ನು ತೋರಿಸಿದಾಗ ಅವರು ಏನೇನು ಕೊಂಡರೆಂಬ ಪಟ್ಟಿ ನನ್ನ ಕೈಗೆ ಬಂದು ಸೇರುತ್ತದೆ. ಇದನ್ನು ಅರಿತ ಮೇಲೆ ನಾನು ಎರಡು ಕಟ್ಟುಗಳನ್ನು ವಿಧಿಸಿಕೊಂಡಿದ್ದೇನೆ. ಔಷಧಿಯೇ ಮೊದಲಾಗಿ ಒಬ್ಬರ ದೇಹಸ್ಥಿತಿಯನ್ನು ಹೊರಗೆಡಹುವಂಥ ಪದಾರ್ಥಗಳು ಕಣ್ಣಿಗೆ ಬಿದ್ದರೆ ಮಾತೆತ್ತುವುದಿಲ್ಲ. ತೋರಿಸಿಯಾದ ಮೇಲೆ ಆ ರಸೀತಿಯನ್ನು ತೆರೆಯುವುದಿಲ್ಲ. ಪರರ ಕಾಗದವನ್ನು ಓದಬಾರದೆಂಬ ಹಳೆಯ ಮರ್ಯಾದೆಗೆ ಇದೂ ಸೇರಿದ್ದೇ ಆಗಿದೆ.

ಕೇಳುವ ರೀತಿಯಲ್ಲಿಯೂ ಒಂದು ಔಚಿತ್ಯವುಂಟು. ಕಾರ್ಡಿಲ್ಲವೆಂದು ಅವರು ಹೇಳಿದ ಮೇಲೆ, ಹಣ ಸಂದಾಯವಾಗುವುದಕ್ಕೆ ಮುಂಚೆ, ಒಂದೇ ವಾಕ್ಯದಲ್ಲಿ ಕೇಳಬೇಕು. ಬೇಡವೆಂದರೆ ಮತ್ತೆ ಒತ್ತಾಯಿಸಕೂಡದು. ತಾವೇ ಬಿಲ್ ಹಾಕಿಕೊಳ್ಳುವ ಯಂತ್ರಗಳ ಬಳಿ ಇದು ಇನ್ನೂ ಸೂಕ್ಷ್ಮ: ಅಲ್ಲಿ ಹಿಂದಿನಿಂದ ಕೈ ಚಾಚಿದರೆ ಪಿನ್ ಒತ್ತುತ್ತಿರುವವರು ಬೆದರುವುದು ಸಹಜ. ಅಲ್ಲದೆ, ಕಾರ್ಡಿಲ್ಲದವರು ಹಿಂದಿನವರನ್ನು ಕೇಳಬಹುದೇ? ಕೇಳಬಹುದು, ಸಂಕೋಚ ಬೇಡ ಎನ್ನುತ್ತೇನೆ. ಕೇಳಿಸಿಕೊಂಡವರಿಗೆ ಇಲ್ಲವೆನ್ನುವ ಸ್ವಾತಂತ್ರ್ಯವಿದ್ದರೆ ಸರಿ. ಇಷ್ಟು ಮಾತ್ರ ಎಚ್ಚರಿಕೆ: ಬಾರ್‌ಕೋಡಿನ ಚಿತ್ರವನ್ನು ಯಾರಿಗೂ ಕಳುಹಿಸಕೂಡದು, ಕಾರ್ಡನ್ನು ಕೈಯಿಂದ ಬಿಟ್ಟುಕೊಡಕೂಡದು, ಏಕೆಂದರೆ ಅದರ ಹಿಂದೆ ಇರುವುದು ಹಣಕ್ಕೆ ಸಮಾನವಾದ ವೋಚರುಗಳು.

ಒಮ್ಮೆ, ಹೆಸರು ಹೇಳಬೇಕಾಗಿಲ್ಲದ ಒಂದು ಅಂಗಡಿಯಲ್ಲಿ, ಅಲ್ಲಿಯ ಕಾರ್ಡು ನನ್ನಲ್ಲಿಲ್ಲವೆಂದು ತಿಳಿದೊಡನೆ ಕ್ಯಾಷಿಯರು ಮೇಜಿನ ಕೆಳಗಿನಿಂದ ತನ್ನದೇ ಕಾರ್ಡೊಂದನ್ನು ತೆಗೆದು, ನನ್ನನ್ನು ಕೇಳದೆ, ಯಂತ್ರಕ್ಕೆ ತೋರಿಸಿಬಿಟ್ಟನು. ನನ್ನ ಬಿಲ್ಲೂ ಇಳಿಯಿತು. ಆದರೂ ನನಗೆ ಅದು ಒಗ್ಗಲಿಲ್ಲ, ಈಗಲೂ ಒಗ್ಗುವುದಿಲ್ಲ. ಅಂಗಡಿಗಳು ತಮ್ಮ ನೌಕರರಿಗೆ ಈ ಕೆಲಸವನ್ನು ನಿಷೇಧಿಸಿರುವುದು ಸಕಾರಣವಾದದ್ದು; ಸರದಿಯಲ್ಲಿ ನಿಂತವನು ಕೊಡುವುದು ತನ್ನ ಸೌಜನ್ಯದಿಂದ, ಮೇಜಿನ ಆಚೆ ಕುಳಿತವನು ಮಾಡುವುದು ತನಗೆ ವಹಿಸಿದ ಅಧಿಕಾರದಿಂದ. ದಿನವೂ ನೂರಾರು ಜನರ ಖರೀದಿಯನ್ನು ತನ್ನ ಲೆಕ್ಕಕ್ಕೆ ಎಳೆದುಕೊಳ್ಳುವವನ 30 ಪೆನ್ಸುಗಳು ಅತ್ಯಲ್ಪವಾಗಿ ಉಳಿಯುವುದಿಲ್ಲ.

ಹಾಗಾದರೆ ನನ್ನ ಲೆಕ್ಕಕ್ಕೆ ಬಂದ ಪರರ ಪಾಯಿಂಟುಗಳ ಗತಿಯೇನು? ಅವುಗಳನ್ನು ತಡೆಯುವ ಉಪಾಯ ಕೌಂಟರಿನಲ್ಲಿ ಇಲ್ಲ. ಕಾರ್ಡು ತೋರಿಸಿದರೆ ಬಂದೇ ಬರುತ್ತವೆ. ಮೂರು ತಿಂಗಳಿಗೊಮ್ಮೆ ವೋಚರು ಬಂದಾಗ ಅಂದಾಜಿನಿಂದ ಪರರ ಪಾಲನ್ನು ಬೇರ್ಪಡಿಸಿ, ಅಷ್ಟಕ್ಕೆ ಪಾಸ್ತಾ, ಹುರುಳಿಕಾಯಿಯ ಡಬ್ಬಿ, ಚಹಾ ಪೊಟ್ಟಣಗಳನ್ನು ಕೊಂಡು, ಬಾಗಿಲ ಬಳಿ ಆಹಾರ ಬ್ಯಾಂಕಿಗಾಗಿ ಇಟ್ಟಿರುವ ತೊಟ್ಟಿಯಲ್ಲಿ ಹಾಕುವುದು ನಮ್ಮ ಮನೆಯ ಪದ್ಧತಿ. ಇದು ಎಲ್ಲರೂ ಮಾಡಲೇಬೇಕಾದ ನಿಯಮವಲ್ಲ. ಹೇಳಿ ಪಡೆದ ಪಾಯಿಂಟು ಪಡೆದವನದೇ. ಆದರೆ ಈ ಪದ್ಧತಿಯಿಂದ ನನಗೆ, ಮುಂದಿನವರನ್ನು ಕೇಳುವಾಗ, ನನ್ನ ಲಾಭಕ್ಕಾಗಿ ಕೇಳುತ್ತಿದ್ದೇನೆಯೇ ಎಂಬ ಶಂಕೆ ಉಳಿದಿಲ್ಲ.

ಇದು ಅಂಗಡಿಗೆ ಮಾಡುವ ಮೋಸವಲ್ಲವೇ ಎಂದು ಸ್ನೇಹಿತರೊಬ್ಬರು ಆಕ್ಷೇಪಿಸಿದರು. ಮಾಹಿತಿಗೆ ಪ್ರತಿಯಾಗಿ ಕೊಡುವ ರಿಯಾಯಿತಿಯನ್ನು ಮಾಹಿತಿ ಕೊಡದವರಿಗೆ ದಾಟಿಸುತ್ತೀರಲ್ಲಾ ಎಂಬುದು ಅವರ ವಾದ, ತಳ್ಳಿಹಾಕತಕ್ಕ ವಾದವಲ್ಲ. ಈ ದೇಶದ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಐದು ಅಂಗಡಿಗಳ ಸುಮಾರು 50,000 ಪದಾರ್ಥಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ 92ರಷ್ಟರಲ್ಲಿ ಕಾರ್ಡಿನ ಬೆಲೆ ನಿಜವಾಗಿಯೂ ವಾಡಿಕೆಯ ಬೆಲೆಗಿಂತ ಕಡಿಮೆಯಾಗಿತ್ತೆಂದೂ, ಸರಾಸರಿ ಉಳಿತಾಯ ಶೇ 17ರಿಂದ 25ರವರೆಗೆ ಇತ್ತೆಂದೂ ವರದಿ ಮಾಡಿತು. ಆದುದರಿಂದ ರಿಯಾಯಿತಿಯೇ ಸುಳ್ಳೆಂದು ಹೇಳಿ ನಾನು ತಪ್ಪಿಸಿಕೊಳ್ಳಲಾರೆ. ಆದರೆ ಅದೇ ವರದಿ, ಸ್ಮಾರ್ಟ್‌ಫೋನ್ ಇಲ್ಲದವರು, ವೃದ್ಧರು, ಅಂಗವಿಕಲರು, ಹದಿನೆಂಟು ತುಂಬದವರು ಈ ಯೋಜನೆಗಳಿಗೆ ಸೇರುವುದು ಸುಲಭವಾಗಬೇಕೆಂದೂ ಹೇಳಿತು. ನಾನು ಕಾರ್ಡು ತೋರಿಸುವುದು ಬಹುಮಟ್ಟಿಗೆ ಇಂಥವರಿಗೇ. ಹೆಸರು ಕೊಡಲಾರದವನಿಂದ ಬ್ರೆಡ್ಡಿಗೂ ಹಾಲಿಗೂ ಹೆಚ್ಚು ಹಣ ತೆಗೆದುಕೊಳ್ಳುವ ಏರ್ಪಾಡಿನಲ್ಲಿ ಒಂದು ಕಾಠಿಣ್ಯವಿದೆ. ಸರದಿಯಲ್ಲಿ ನಿಂತ ಅಪರಿಚಿತನೊಬ್ಬನ ಸೌಜನ್ಯ ಅದನ್ನು ಕಿಂಚಿತ್ತು ಮೃದುಗೊಳಿಸಿದರೆ ಅಂಗಡಿಯ ಗಲ್ಲಾ ಬರಿದಾಗುವುದಿಲ್ಲ. ಊರಿಗೆಲ್ಲ ತನ್ನ ಬಾರ್‌ಕೋಡನ್ನು ಹಂಚಿದರೆ ಮಾತು ಬೇರೆ, ಅದನ್ನು ನಾನು ಒಪ್ಪುವುದಿಲ್ಲ.

ಅಮೆರಿಕದಲ್ಲಿ ಈ ಲೆಕ್ಕ ತಿರುಗಿಕೊಳ್ಳುತ್ತದೆ. ಅಲ್ಲಿ ಕಾರ್ಡಿನ ಬದಲು ದೂರವಾಣಿ ಸಂಖ್ಯೆಯನ್ನು ಒತ್ತುವುದು ರೂಢಿ. ಟಾಮಿ ಟ್ಯೂಟೋನ್ ತಂಡದ 1981ರ ಹಾಡೊಂದರಿಂದ ಮನೆಮಾತಾದ 867-5309 ಎಂಬ ಸಂಖ್ಯೆಯನ್ನು, ಊರಿನ ಕೋಡಿನೊಂದಿಗೆ, ಯಾರದೆಂದು ತಿಳಿಯದೆಯೇ ಒತ್ತಿ ಸದಸ್ಯರ ಬೆಲೆ ಪಡೆಯುವವರು ಬಹುಮಂದಿ. ಆದರೆ ಕ್ರೋಗರ್ ಅಂಗಡಿಗಳಲ್ಲಿ ಡಾಲರಿಗೊಂದು ಪಾಯಿಂಟು ಸೇರಿ, ನೂರು ಪಾಯಿಂಟಿಗೆ ಪೆಟ್ರೋಲಿನ ಪ್ರತಿ ಗ್ಯಾಲನ್ನಿನ ಮೇಲೆ 10 ಸೆಂಟು ಇಳಿಯುತ್ತದೆ. ಕಾರಿನ ತೊಟ್ಟಿ 15 ಗ್ಯಾಲನ್ನಿನದಾದರೆ ನೂರು ಡಾಲರಿನ ಖರೀದಿ ಒಂದೂವರೆ ಡಾಲರನ್ನು ಉಳಿಸಿತು. ಅಲ್ಲಿ ತನ್ನ ಸಂಖ್ಯೆಯನ್ನು ಕೊಡುವವನು ಪಡೆಯುವವನೂ ಹೌದು. ಹೇಳಿ ಕೊಡುವುದು ಅಲ್ಲಿ ಇನ್ನೂ ಅವಶ್ಯ.

ಊರಿಗೆ ಬಂದಾಗ ಮಾತ್ರ ನಾನು ಈ ಉಪಚಾರವನ್ನು ಮಾಡುವುದಿಲ್ಲ. ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಬಿಲ್ಲಿನ ಕೌಂಟರಿನಲ್ಲಿ ಮೊದಲು ಕೇಳುವುದು ಮೊಬೈಲ್ ನಂಬರನ್ನು. ನಾನು ಹೋಗುವ ಅಂಗಡಿಗಳಲ್ಲಿ ಆ ನಂಬರಿನಿಂದ ಬೆಲೆ ಇಳಿಯುವುದು ಅಪರೂಪ. ಸೇರುವುದು ಪಾಯಿಂಟು ಮಾತ್ರ. ಎಂದರೆ ಮುಂದಿನವರ ಖರೀದಿಗೆ ನನ್ನ ನಂಬರನ್ನು ಹೇಳಿದರೆ ಅವರಿಗೇನೂ ಉಳಿಯುವುದಿಲ್ಲ, ಲಾಭವೆಲ್ಲ ನನಗೇ. ಜೊತೆಗೆ ನನ್ನ ಹತ್ತು ಅಂಕಿಗಳು ಸರದಿಯಲ್ಲಿ ನಿಂತವರಿಗೆಲ್ಲ ಕೇಳಿಸುತ್ತವೆ. ನಂಬರು ಕೊಡದಿದ್ದರೆ ಬಿಲ್ಲು ಮಾಡುವುದಿಲ್ಲವೆಂದು ಗಿರಾಕಿಯನ್ನು ಒತ್ತಾಯಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿಯೇ ಅಂಗಡಿಗಳಿಗೆ ಸೂಚಿಸಿದೆ. ಆದುದರಿಂದ ಅಲ್ಲಿ ಮುಂದೆ ನಿಂತಿರುವ ಹಿರಿಯರು ನಂಬರು ನೆನಪಾಗದೆ ತಡವರಿಸುತ್ತಿದ್ದರೆ, ನನ್ನದನ್ನು ಕೊಡುವುದರ ಬದಲು, "ನಂಬರ್ ಕೊಡಲೇಬೇಕು ಅಂತೇನಿಲ್ಲ ಸ್ವಾಮಿ, ಹಾಗೇ ಬಿಲ್ ಹಾಕಿಸಿಕೊಳ್ಳಿ" ಎಂದು ಹೇಳುತ್ತೇನೆ.