ಶುಲ್ಕದ ದಿನದಿಂದ ಹಿಂದಕ್ಕೆ ಎಣಿಸೋಣ

ಜಕಾತ್ ಹೆಚ್ಚಾಗಿ ಬರುವುದು ರಂಜಾನ್‌ನಲ್ಲಿ, ಕಾಲೇಜಿನ ಶುಲ್ಕ ಕಟ್ಟುವುದು ಮೇ–ಜೂನ್‌ನಲ್ಲಿ. 2018ರಲ್ಲಿ ಇವೆರಡೂ ಒಟ್ಟಿಗೆ ಬಂದಿದ್ದವು. ಹಿಜ್ರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ 2027ರ ರಂಜಾನ್ ಫೆಬ್ರವರಿಯಲ್ಲೇ ಆರಂಭವಾಗುತ್ತದೆ.

ಶುಲ್ಕದ ಕೊನೆಯ ದಿನ ದಾಟಿದ್ದರಿಂದ ಪಿಯುಸಿ ಸೇರಲಾಗದ ವಿದ್ಯಾರ್ಥಿನಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ನೆರವಿನ ಚೆಕ್ ಬಂದದ್ದು ಆಗಸ್ಟ್‌ನಲ್ಲಿ. ಆದ್ದರಿಂದ ನಮ್ಮ ವರ್ಷದ ಯೋಜನೆ ಹೀಗಿರಲಿ:

ರಜಬ್: ಅರ್ಜಿ ಆಹ್ವಾನ.
ಶಾಬಾನ್: ಮನೆ ಭೇಟಿ, ಅರ್ಹರ ಪಟ್ಟಿ.
ರಂಜಾನ್: ಜಕಾತ್ ಸಂಗ್ರಹ, ಅದಕ್ಕೆ ಪ್ರತ್ಯೇಕ ಖಾತೆ.
ಮೇ: ಫಲಿತಾಂಶ ಬಂದೊಡನೆ ವಿದ್ಯಾರ್ಥಿಯ ಖಾತೆಗೆ ಹಣ.
ಉಳಿದ ತಿಂಗಳು: ಪುಸ್ತಕ, ಬಸ್ ಪಾಸಿಗಾಗಿ ಮಾಸಿಕ ಸದಖಾ.

ಎಷ್ಟು ಸಂಗ್ರಹವಾಯಿತು ಎಂಬಷ್ಟೇ, ಯಾವಾಗ ತಲುಪಿತು ಎಂಬುದೂ ಮುಖ್ಯ. ಪೋಷಕರೇ, ರಜಬ್‌ನಲ್ಲೇ ಅರ್ಜಿ ಸಲ್ಲಿಸಿ.