ಕಾರಿನ ಶೀತಕ ದ್ರವದ ಸೋರಿಕೆ: ಪತ್ತೆ ಮತ್ತು ದುರಸ್ತಿ

ಮುಂಬಯಿಯಿಂದ ಹಳೆಯ ಹೆದ್ದಾರಿಯಲ್ಲಿ ನಾಸಿಕಕ್ಕೆ ಬರುವ ವಾಹನಗಳು ಕಸಾರಾ ಘಾಟಿಯನ್ನು ಏರಬೇಕಾಗುತ್ತದೆ. ಚಾಳೀಸ್‌ಗಾಂವ್ ಕಡೆಯಿಂದ ಛತ್ರಪತಿ ಸಂಭಾಜಿನಗರಕ್ಕೆ (2023ರವರೆಗೆ ಔರಂಗಾಬಾದ್) ಬರುವವು ಕನ್ನಡ್ ಪಟ್ಟಣದ ಸಮೀಪದ ಔಟ್ರಮ್ ಘಾಟಿಯನ್ನು ಹತ್ತಬೇಕು. ಬೇಸಿಗೆಯಲ್ಲಿ ಈ ಪ್ರದೇಶದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. 2025ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗವೂ ಈ ಎರಡು ಜಿಲ್ಲೆಗಳ ಮೂಲಕವೇ ಹಾದುಹೋಗುತ್ತದೆ. ಏರು, ಬಿಸಿಲು ಮತ್ತು ಎಡೆಬಿಡದ ವೇಗ, ಈ ಮೂರೂ ಎಂಜಿನ್ನಿನ ಶಾಖವನ್ನು ಹೆಚ್ಚಿಸುತ್ತವೆ. ಊರೊಳಗಿನ ಓಡಾಟದಲ್ಲಿ ಗಮನಕ್ಕೆ ಬಾರದ ಸಣ್ಣ ಸೋರಿಕೆಯು ಇಂತಹ ದಾರಿಯಲ್ಲಿ ಎಂಜಿನ್ನನ್ನೇ ಕೆಡಿಸಬಲ್ಲದು.

ಸೋರಿಕೆಯಿಂದ ಆಗುವ ಹಾನಿ

ರೂಢಿಯಲ್ಲಿ ಕೂಲಂಟ್ ಎನಿಸುವ ಶೀತಕ ದ್ರವವು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರಿನ ಮಿಶ್ರಣ. ಇದು ಎಂಜಿನ್ನಿನ ಶಾಖವನ್ನು ಹೀರಿ ರೇಡಿಯೇಟರಿಗೆ ಒಯ್ಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಹೆಚ್ಚುವರಿ ಒತ್ತಡವಿದ್ದರೆ ಬರಿಯ ನೀರು ಸಹ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಸೋರಿಕೆಯಾದಾಗ ದ್ರವದೊಡನೆ ಈ ಒತ್ತಡವೂ ನಷ್ಟವಾಗಿ, ಉಳಿದ ದ್ರವವು ಬೇಗ ಕುದಿಯುತ್ತದೆ. ಅತಿಯಾದ ಶಾಖದಿಂದ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು. ದ್ರವವು ಪೂರ್ತಿ ಬತ್ತಿದರೆ ಶಾಖಮಾಪಕದ ಮುಳ್ಳು ತಪ್ಪು ಸೂಚನೆ ನೀಡುವ ಸಂಭವವೂ ಇದೆ. ಆದುದರಿಂದ ಕೇವಲ ಮುಳ್ಳನ್ನೇ ನಂಬತಕ್ಕದ್ದಲ್ಲ.

ಪತ್ತೆ ಮಾಡುವ ಕ್ರಮ

ಮೊದಲನೆಯದಾಗಿ, ಎಂಜಿನ್ ತಣ್ಣಗಿರುವಾಗ ಶೀತಕದ ಡಬ್ಬಿಯ ಮಟ್ಟವನ್ನು ನೋಡಿ ಗುರುತು ಮಾಡಿಕೊಳ್ಳಬೇಕು. ಕೆಲವು ದಿನಗಳಲ್ಲಿ ಮಟ್ಟ ಇಳಿದರೆ ಸೋರಿಕೆ ಇದೆಯೆಂದು ತಿಳಿಯಬೇಕು. ಕಾರಿನ ಕೆಳಗೆ ಕಾಣುವ ಬಣ್ಣವಿಲ್ಲದ ನೀರು ಹವಾನಿಯಂತ್ರಕದಿಂದ ಬಂದುದಾಗಿರಬಹುದು. ಆದರೆ ಹಸಿರು, ಕೆಂಪು ಅಥವಾ ಕಿತ್ತಳೆ ಬಣ್ಣ, ಜಿಗುಟು ಹಾಗೂ ಸಿಹಿ ವಾಸನೆ ಇದ್ದರೆ ಅದು ಶೀತಕ ದ್ರವವೇ.

ಎರಡನೆಯದಾಗಿ, ಹೋಸ್ ಪೈಪುಗಳ ತುದಿ, ಕ್ಲಿಪ್ಪುಗಳು, ರೇಡಿಯೇಟರಿನ ಅಂಚು ಮತ್ತು ವಾಟರ್ ಪಂಪಿನ ಕೆಳಭಾಗವನ್ನು ಪರೀಕ್ಷಿಸಬೇಕು. ಗಾಳಿಯ ರಭಸಕ್ಕೆ ದ್ರವವು ಹಿಂದಕ್ಕೆ ಸಿಡಿಯುವುದರಿಂದ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ ಮತ್ತು ಮುಂದಿನ ಜಾಗವನ್ನು ಹುಡುಕಬೇಕು. ಕಣ್ಣಿಗೆ ಏನೂ ಕಾಣದಿದ್ದಲ್ಲಿ, ಕಾರ್ಖಾನೆಯಲ್ಲಿ ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡವನ್ನು ಪಂಪಿನಿಂದ ನೀಡಿ, ಅದು ಇಳಿಯುವುದೇ ಎಂದು ನೋಡಬೇಕು. ಮುಚ್ಚಳವನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಅಗತ್ಯ.

ಹೊರಗೆ ಸೋರದೆ ಮಟ್ಟ ಇಳಿಯುತ್ತಿದ್ದರೆ, ಹೊಗೆಕೊಳವೆಯಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಅಥವಾ ಎಂಜಿನ್ ಆಯಿಲ್ ಹಾಲಿನಂತೆ ಮಸುಕಾಗಿದ್ದರೆ ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಶಯವಿದೆ. ಅಂತಹ ಕಾರನ್ನು ಓಡಿಸಬಾರದು.

ದುರಸ್ತಿ

ಬಿರುಕುಬಿಟ್ಟ ಹೋಸ್ ಪೈಪನ್ನು ಹೊಸ ಕ್ಲಿಪ್ಪುಗಳೊಡನೆ ಬದಲಾಯಿಸಬೇಕು. ವಾಟರ್ ಪಂಪಿನ ಸೀಲು ಸೋರುತ್ತಿದ್ದರೆ ಸಾಮಾನ್ಯವಾಗಿ ಪಂಪನ್ನೇ ಬದಲಿಸಲಾಗುತ್ತದೆ. ಹೆಡ್ ಗ್ಯಾಸ್ಕೆಟ್ ಹಾಕುವ ಮುನ್ನ ಸಿಲಿಂಡರ್ ಹೆಡ್ಡಿನ ಮೇಲ್ಮೈ ಸಮತಟ್ಟಾಗಿದೆಯೇ ಎಂದು ಅಳೆಯತಕ್ಕದ್ದು. ಬಳಿಕ ತಯಾರಕರು ಸೂಚಿಸಿದ ದ್ರವವನ್ನೇ ತುಂಬಿ, ಒಳಗಿನ ಗಾಳಿಯನ್ನು ಹೊರಹಾಕಿ, ಪುನಃ ಒತ್ತಡ ಪರೀಕ್ಷೆ ನಡೆಸಬೇಕು. ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವ ಹಳೆಯ ರೂಢಿಯು ಸಣ್ಣ ರಂಧ್ರವನ್ನು ತಾತ್ಕಾಲಿಕವಾಗಿ ಮುಚ್ಚಬಹುದಾದರೂ, ಸೂಕ್ಷ್ಮ ನಾಳಗಳು ಕಟ್ಟಿಕೊಳ್ಳುವ ಅಪಾಯವಿರುವುದರಿಂದ ಅದು ದುರಸ್ತಿ ಎನಿಸದು.

ಎಚ್ಚರಿಕೆಗಳು

ಘಾಟಿಯಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಸುರಕ್ಷಿತ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ ಎಂಜಿನ್ ಆರಿಸಬೇಕು. ಬಿಸಿಯಾಗಿರುವಾಗ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಕುದಿಯುವ ದ್ರವವು ಚಿಮ್ಮಿ ಮುಖ ಮತ್ತು ಕೈಗಳನ್ನು ಸುಡಬಲ್ಲದು. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಪೂರ್ತಿ ಆರಿದ ನಂತರ ಶುದ್ಧ ನೀರು ತುಂಬಿ ಹತ್ತಿರದ ಕಾರ್ಖಾನೆಯವರೆಗೆ ನಿಧಾನವಾಗಿ ಸಾಗಬಹುದು. ಆದರೆ ನೀರು ನಿಲ್ಲದೆ ಸೋರಿಹೋಗುತ್ತಿದ್ದರೆ ಕಾರನ್ನು ಎಳೆಸಿಕೊಂಡೇ ಹೋಗಬೇಕು.

ಎಥಿಲೀನ್ ಗ್ಲೈಕಾಲ್ ವಿಷಕಾರಿ. ಅದರ ರುಚಿ ಸಿಹಿಯಾಗಿರುವುದರಿಂದ ಮಕ್ಕಳೂ ಸಾಕುಪ್ರಾಣಿಗಳೂ ಸೇವಿಸುವ ಭಯವಿದೆ. ಚೆಲ್ಲಿದ ದ್ರವವನ್ನು ಕೂಡಲೇ ಒರೆಸಬೇಕು. ಹಳೆಯ ದ್ರವವನ್ನು ಚರಂಡಿಗೆ ಬಿಡದೆ ಮುಚ್ಚಿದ ಡಬ್ಬಿಯಲ್ಲಿ ಕಾರ್ಖಾನೆಗೆ ಒಪ್ಪಿಸಬೇಕು. ದೂರಪ್ರಯಾಣಕ್ಕೆ ಹೊರಡುವ ಮುನ್ನ ಬೆಳಗಿನ ತಂಪಿನಲ್ಲಿ ದ್ರವದ ಮಟ್ಟ ನೋಡಲು ಒಂದು ನಿಮಿಷ ಸಾಕು.