ದೃಷ್ಟಿ ತಿದ್ದುವ ಶಸ್ತ್ರಕ್ರಿಯೆ: ಅಲಗೋ, ಬೆಳಕೋ?

ಕನ್ನಡಕ ಧರಿಸುವ ನಮ್ಮ ಬಾಲಿಕೆಯರಲ್ಲಿ ಕೆಲವರು, "ಲೇಸರ್ ಚಿಕಿತ್ಸೆಯಿಂದ ಇದನ್ನು ಬಿಟ್ಟುಬಿಡಬಹುದಲ್ಲವೇ? ಅದರಲ್ಲಿ ಅಲಗಿನ ಭಯವಿಲ್ಲವಷ್ಟೆ?" ಎಂದು ಕೇಳುವುದುಂಟು. ಇದರ ನಿಜಸ್ಥಿತಿಯನ್ನು ವಿಚಾರಿಸೋಣ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿದ ನಿರ್ಮಲವಾದ ಪಟಲವೊಂದುಂಟು. ಇದಕ್ಕೆ ಕಾರ್ನಿಯವೆಂದು ಹೆಸರು. ಇದರ ನಡುಭಾಗದ ದಪ್ಪವು ಸುಮಾರು ಅರ್ಧ ಮಿಲಿಮೀಟರು ಮಾತ್ರ. ಸಮೀಪದೃಷ್ಟಿಯವರಲ್ಲಿ ದೂರದ ವಸ್ತುವಿನ ಕಿರಣಗಳು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡುತ್ತವೆ. ಕಾರ್ನಿಯದ ಉಬ್ಬನ್ನು ತುಸು ತಗ್ಗಿಸಿದರೆ ಅವು ತಕ್ಕ ಸ್ಥಳದಲ್ಲಿ ಕೂಡುವುವು.

1970ರ ದಶಕದಲ್ಲಿ ಮಾಸ್ಕೋ ನಗರದ ವೈದ್ಯರಾದ ಫ್ಯೊದೊರೊವ್ ಎಂಬವರು, ಚಕ್ರದ ಅರೆಕಾಲುಗಳಂತೆ ಕಾರ್ನಿಯದಲ್ಲಿ ಅಲಗಿನಿಂದ ಗೀರುಗಳನ್ನು ಮಾಡುವ ಕ್ರಮವನ್ನು ಪ್ರಚುರಪಡಿಸಿದರು. ಆದರೆ ಆಳವಾದ ಗೀರುಗಳಿಂದ ಪಟಲವು ಬಲಗುಂದಿ, ಹಲವರ ದೃಷ್ಟಿಯು ವರ್ಷಗಳು ಕಳೆದಂತೆ ಪುನಃ ಬದಲಾಯಿತು. 1981ರಲ್ಲಿ ಭಾರತ ಸಂಜಾತರಾದ ಶ್ರೀನಿವಾಸನ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಅಮೆರಿಕಾದ ಐಬಿಎಂ ಪ್ರಯೋಗಶಾಲೆಯಲ್ಲಿ, ಎಕ್ಸೈಮರ್ ಲೇಸರಿನ ಅತಿನೇರಳೆ ಕಿರಣವು ಸುತ್ತಲಿನ ಭಾಗವನ್ನು ಸುಡದೆ ಅಂಗಾಂಶವನ್ನು ಸೂಕ್ಷ್ಮವಾಗಿ ತೆಗೆಯಬಲ್ಲುದೆಂದು ಕಂಡರು.

ಇಂದಿನ ಲೇಸಿಕ್ ಶಸ್ತ್ರಕ್ರಿಯೆಯಲ್ಲಿ ಎರಡು ಹಂತಗಳುಂಟು. ಮೊದಲು ಕಾರ್ನಿಯದ ಮೇಲ್ಪದರವನ್ನು, ಒಂದು ಅಂಚು ಅಂಟಿಕೊಂಡಿರುವಂತೆ, ಪುಸ್ತಕದ ಹಾಳೆಯ ಹಾಗೆ ಬಿಡಿಸುತ್ತಾರೆ. ಬಳಿಕ ಎಕ್ಸೈಮರ್ ಲೇಸರು ಒಳಭಾಗವನ್ನು ತಿದ್ದುತ್ತದೆ. ಅಲಗೋ ಲೇಸರೋ ಎಂಬ ಪ್ರಶ್ನೆಯು ಮೊದಲನೆಯ ಹಂತಕ್ಕೆ ಮಾತ್ರ ಸಂಬಂಧಿಸಿದುದು. ತಿದ್ದುವ ಕೆಲಸವು ಎರಡು ಕ್ರಮಗಳಲ್ಲಿಯೂ ಲೇಸರಿನದೇ.

ಪದರ ಬಿಡಿಸುವ ಅಲಗಿನ ಯಂತ್ರಕ್ಕೆ ಮೈಕ್ರೋಕೆರಟೋಮ್ ಎನ್ನುತ್ತಾರೆ. ಇದು ಕೊಯ್ದ ಪದರವು ಸಾಮಾನ್ಯವಾಗಿ ನಡುವೆ ತೆಳುವಾಗಿಯೂ ಅಂಚಿನಲ್ಲಿ ದಪ್ಪವಾಗಿಯೂ ಇರುತ್ತದೆ. ಅಪರೂಪಕ್ಕೆ ನಡುವೆ ತೂತಾಗುವುದೂ ಉಂಟು. ಫೆಮ್ಟೋಸೆಕೆಂಡ್ ಲೇಸರಾದರೋ ಅತ್ಯಲ್ಪ ಕಾಲದ ಮಿಡಿತಗಳಿಂದ ಪಟಲದೊಳಗೆ ಸೂಕ್ಷ್ಮ ಗುಳ್ಳೆಗಳನ್ನೆಬ್ಬಿಸಿ ಪದರವನ್ನು ಬೇರ್ಪಡಿಸುತ್ತದೆ. ಅದರ ದಪ್ಪವು ಹೆಚ್ಚು ಸಮವಾಗಿರುತ್ತದೆ. ಇಂತಹ ಪ್ರಬಲ ಮಿಡಿತಗಳಿಗೆ ದಾರಿ ತೋರಿಸಿದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಎಂಬ ಮಹಿಳೆಯು ತಮ್ಮ ಗುರುಗಳಾದ ಮುರೂ ಅವರೊಡನೆ 2018ರ ಭೌತಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದುದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿನಲ್ಲಿಡತಕ್ಕದ್ದು.

ಆದರೂ ಬೆಳಕಿನ ಕ್ರಮವು ದೋಷರಹಿತವಲ್ಲ. ಕೆಲವರಿಗೆ ಕೆಲವು ವಾರ ಬೆಳಕನ್ನು ಸಹಿಸುವುದು ಕಷ್ಟವಾಗುತ್ತದೆ, ಖರ್ಚೂ ಹೆಚ್ಚು. ಕಣ್ಣು ಒಣಗುವ ಬಾಧೆಯು ಎರಡರಲ್ಲಿಯೂ ಉಂಟು. ನಿಪುಣರ ಕೈಯಲ್ಲಿ ಕೊನೆಗೆ ದೊರೆಯುವ ದೃಷ್ಟಿಯು ಎರಡರಿಂದಲೂ ಬಹುಮಟ್ಟಿಗೆ ಸಮಾನವೆಂದು ಪರೀಕ್ಷೆಗಳು ತೋರಿಸಿವೆ.

ಆದುದರಿಂದ ಉಪಕರಣಕ್ಕಿಂತಲೂ ಮೊದಲು ವಿಚಾರಿಸಬೇಕಾದುದು ಕಣ್ಣಿನ ಯೋಗ್ಯತೆಯನ್ನು. ಹದಿನೆಂಟು ವರ್ಷ ತುಂಬದವರಿಗೂ, ಕನ್ನಡಕದ ಅಂಕೆಯು ಇನ್ನೂ ಬದಲಾಗುತ್ತಿರುವವರಿಗೂ, ಕಾರ್ನಿಯವು ತೀರ ತೆಳುವಾಗಿಯೋ ಶಂಕುವಿನಾಕಾರವಾಗಿಯೋ ಇರುವವರಿಗೂ ಇದು ತಕ್ಕುದಲ್ಲ. ತೆಗೆದ ಅಂಗಾಂಶವನ್ನು ಮರಳಿ ಇಡಲಾಗದು. ಶಾಲೆಯಲ್ಲಿರುವ ನಮ್ಮ ಬಾಲಿಕೆಯರು ಅವಸರಪಡದೆ, ಕನ್ನಡಕದ ವಿಷಯದಲ್ಲಿ ನಾಚದೆ, ದೇವರು ಅನುಗ್ರಹಿಸಿದ ಕಣ್ಣುಗಳನ್ನು ಜೋಕೆಯಿಂದ ಕಾಪಾಡಿಕೊಳ್ಳಲೆಂದು ಹಾರೈಸುತ್ತೇವೆ.